ಗುರುವಾರಕ್ಕೆ ಗೊತ್ತಾದ ಹೆರಿಗೆ

ಬೆಳಿಗ್ಗೆ ಎದ್ದಾಗಿನಿಂದ ಶೈಲಜಾಳಿಗೆ ಎಲ್ಲದರ ಮೇಲೂ ಕೋಪ. ಕಿಟಕಿಯಾಚೆ ಟೋಕಿಯೋದ ತೊಯೋಸು ಬಡಾವಣೆಯ ಹಳೆಯ ಹಡಗುಕಟ್ಟೆಯ ಕ್ರೇನು ಏನೂ ಕೆಲಸವಿಲ್ಲದೆ ಬಿಸಿಲು ಕಾಯಿಸುತ್ತ ನಿಂತಿದ್ದಕ್ಕೆ ಕೋಪ. ಹನ್ನೊಂದನೆಯ ಮಹಡಿಯ ಈ ಫ್ಲ್ಯಾಟಿನ ಅಡುಗೆಕಟ್ಟೆ ಗೇಣು ತಗ್ಗಾಗಿದ್ದು, ಬಗ್ಗಿದರೆ ಹೊಟ್ಟೆ ತಾಗುತ್ತಿದ್ದುದಕ್ಕೆ ಕೋಪ. ಸ್ನಾನದ ತೊಟ್ಟಿಯಲ್ಲಿ ಗಂಡ ಶ್ರೀಕಂಠ ಅಂಚಿನವರೆಗೂ ತುಂಬಿಸಿಟ್ಟಿದ್ದ ತಣ್ಣೀರಿನ ಮೇಲಂತೂ ಇನ್ನೂ ಕೋಪ. ತೊಂಬತ್ತೊಂಬತ್ತು ಮುಗಿದು ಎರಡು ಸಾವಿರ ಹುಟ್ಟುವ ರಾತ್ರಿ ಲೋಕದ ಕಂಪ್ಯೂಟರುಗಳಿಗೆಲ್ಲ ಇಸವಿ ತಪ್ಪಿ, ಕರೆಂಟು ಹೋಗಿ, ನಲ್ಲಿ ನಿಂತುಬಿಡಬಹುದಂತೆ. ಹಾಗಾಗದಂತೆ ನೋಡಿಕೊಳ್ಳಲೆಂದೇ ಬೆಂಗಳೂರಿನ ಕಂಪನಿ ಅವನನ್ನು ಇಲ್ಲಿನ ಬ್ಯಾಂಕೊಂದಕ್ಕೆ ಕಳಿಸಿತ್ತು. ಎರಡು ವರ್ಷ ಹಗಲು ರಾತ್ರಿ ಕೂತು ತಾನೇ ಸರಿಮಾಡಿದ್ದರ ಮೇಲೆ ತನಗೇ ನಂಬಿಕೆಯಿಲ್ಲದೆ ತೊಟ್ಟಿ ತುಂಬಿಸಿಟ್ಟುಕೊಂಡಿದ್ದಾನೆ ಎಂದು ಬೇರೆ ದಿನವಾದರೆ ಅವಳು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಡಾಕ್ಟರು ಹೇಳಿದ ದಿನ ದಾಟಿ ವಾರವಾಗಿತ್ತು. ಒಳಗಿರುವುದು ಹೊರಗೆ ಬರುವ ಯೋಚನೆಯನ್ನೇ ಮಾಡಿದಂತಿರಲಿಲ್ಲ. ಇವತ್ತು ಕ್ಲಿನಿಕ್ಕಿಗೆ ಹೋಗಿ ಉತ್ತರ ಕೊಡಬೇಕಿತ್ತು: ಔಷಧಿ ಹನಿಸಿ ನೋವು ಬರಿಸುವುದೋ, ದಿನ ಗೊತ್ತುಮಾಡಿ ಹೊಟ್ಟೆ ಕೊಯ್ಯುವುದೋ.

ಮಗುವಿನ ತಲೆ ದೊಡ್ಡದು, ಅವಳ ಸೊಂಟದ ಮೂಳೆಗಳ ನಡುವಿನ ದಾರಿ ಕಿರಿದು. ಎಕ್ಸ್‌ರೇ ಹಿಡಿದು ಅಳೆದ ಡಾಕ್ಟರು ಮೊರಿತಾ ಸೆನ್ಸೇ ಎರಡು ಬೆರಳುಗಳ ನಡುವೆ ಚೂರು ಗಾಳಿಯನ್ನು ಹಿಡಿದು ತೋರಿಸಿ, ಇಷ್ಟೇ ವ್ಯತ್ಯಾಸ ಅಂದಿದ್ದರು. ನೋವು ಬರಿಸಿದರೆ ಮಗು ದಾಟಿ ಬಂದರೂ ಬರಬಹುದು. ದಿನವಿಡೀ ನೋವು ತಿಂದ ಮೇಲೆ ಕೊನೆಗೆ ಕೊಯ್ಯಲೇಬೇಕಾಗಿ ಬಂದರೂ ಬರಬಹುದು. ಮೊದಲೇ ಆಪರೇಷನ್ ಮಾಡಿಸಿಕೊಂಡರೂ ತಪ್ಪೇನಿಲ್ಲ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ. ಮನೆಯಲ್ಲಿ ಮಾತಾಡಿಕೊಳ್ಳುವುದೆಂದರೆ ಏನೆಂದು ಆ ಪುಣ್ಯಾತ್ಮನಿಗೇನು ಗೊತ್ತು! ಮನೆ ಅಂದರೆ ಮೈಸೂರು, ಮೈಸೂರು ಅಂದರೆ ಅತ್ತೆ, ಅತ್ತೆ ಅಂದರೆ ಅವರ ಹಿಂದೆ ಪಂಚಾಂಗ ಹಿಡಿದು ಕೂತ ದ್ವಾರಕಾನಾಥ ಜೋಯಿಸರು. ಆಪರೇಷನ್ ಎಂಬ ಪದ ಟೆಲಿಫೋನಿನ ತಂತಿಯಲ್ಲಿ ಆ ಕಡೆಗೆ ತಲುಪಿದ್ದೇ ತಡ, ಮಾರನೆಯ ಬೆಳಿಗ್ಗೆ ಮುಹೂರ್ತ ಇಟ್ಟು ಆಗಿತ್ತು. ಗುರುವಾರ, ಹತ್ತೂಮುಕ್ಕಾಲು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನರನ್ನು ಅವಳು ಕಂಡಿದ್ದಳು. ಇವರು ಕೂಸಿನ ಜಾತಕವನ್ನೇ ಮೊದಲು ಬರೆದು, ಆಮೇಲೆ ಅದಕ್ಕೆ ಒಪ್ಪುವ ಕೂಸನ್ನು ತೆಗೆಯಲು ಹೊರಟಿದ್ದರು.

ಅದೂ ಸುಸೂತ್ರವಾಗಿ ನಡೆಯಲಿಲ್ಲ. ಭಾನುವಾರ ಶ್ರೀಕಂಠ ಫೋನಿನ ಸ್ಪೀಕರ್ ಹಾಕಿ, ಹತ್ತೂಮುಕ್ಕಾಲಿಗೆ ಮೂರೂವರೆ ಗಂಟೆ ಕೂಡಿಸಿ, "ಇಲ್ಲಿಗೆ ಎರಡೂಕಾಲು ಆಗುತ್ತಮ್ಮ. ಪರ್ಫೆಕ್ಟ್. ಡಾಕ್ಟರು ಆಪರೇಷನ್ ಮಾಡೋದೇ ಮಧ್ಯಾಹ್ನ," ಅಂದ. ಆ ಕಡೆಯಿಂದ ಅತ್ತೆ, "ಅಯ್ಯೋ, ಎರಡೂಕಾಲಾ! ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ ಕಣೋ ಶ್ರೀಕಂಠ!" ಎಂದು ಕಿರುಚಿದರು.

"ಅಮ್ಮಾ, ಅದು ನಿಮ್ಮ ಟೈಮು. ಇಲ್ಲಿ ಎರಡೂಕಾಲು ಅಂದ್ರೆ ಅಲ್ಲಿ ಹತ್ತೂಮುಕ್ಕಾಲೇ."

"ರಾಹುಗೆ ನಿಮ್ಮ ಟೈಮು, ನಮ್ಮ ಟೈಮು ಅಂತ ಇರುತ್ತೇನೋ? ಮಗು ಬೀಳೋದು ಯಾವ ಭೂಮಿ ಮೇಲೆ? ಅಲ್ಲಿ ಸೂರ್ಯ ಎಲ್ಲಿರ್ತಾನೆ ಅನ್ನೋದಲ್ವಾ ಲೆಕ್ಕ?"

"ಹಾಗಾದ್ರೆ ಲಗ್ನ ಯಾವುದರಲ್ಲಿ ನೋಡಿದ್ರು ಅವರು? ಐಎಸ್‌ಟಿನೋ, ಜೆಎಸ್‌ಟಿನೋ?"

"ಅದೇನೋ ನಂಗೊತ್ತಿಲ್ಲಪ್ಪ. ಇರು, ಕೇಳಿಸ್ತೀನಿ."

ಕೇಳಿಸಿದರು. ಕೇಳಿಸಿ ಮತ್ತೆ ಫೋನು ಮಾಡಿಸಿದರು. ತಾರೀಖು, ಗಳಿಗೆಗಳನ್ನು ಸರಿಮಾಡುವುದೇ ಹೊಟ್ಟೆಪಾಡಾಗಿದ್ದ ಗಂಡ, ಕೂಡಿಸುವುದೋ ಬಿಡುವುದೋ ಎಂದು ತಾಯಿಯೊಂದಿಗೆ ಎರಡು ದಿನ ಚರ್ಚೆ ಮಾಡಿದ. ಆ ಎರಡು ದಿನವೂ ಶೈಲಜಾ ಅದೇ ಕೋಣೆಯಲ್ಲಿ, ಅದೇ ಸೋಫಾದ ಮೇಲೆ, ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ಕೊಯ್ಯುವುದು ತನ್ನ ಹೊಟ್ಟೆಯನ್ನೇ ಅಲ್ಲವೇ ಎಂದು ಅವಳಿಗೇ ಅನುಮಾನ ಬರುವಂತಿತ್ತು. ಕೊನೆಗೆ ಟೋಕಿಯೋದ ಸೂರ್ಯನೇ ಗೆದ್ದ: ಗುರುವಾರ, ಇಲ್ಲಿಯದೇ ಹತ್ತೂಮುಕ್ಕಾಲು. "ಸದ್ಯ, ಸಾಲ್ವ್ ಆಯ್ತು ಕಣೇ," ಎಂದು ಅವನು ಎರಡೂ ಕೈ ಚಾಚಿ ಮೈಮುರಿದ. ಮೂವತ್ತೊಂದರ ರಾತ್ರಿ ಅವನು ಬ್ಯಾಂಕಿನಲ್ಲಿ ಕೂರಲೇಬೇಕು. ಗುರುವಾರ ಮಗು ಕೈಗೆ ಬಂದರೆ ಶುಕ್ರವಾರ ಅವನು ನಿಶ್ಚಿಂತೆಯಿಂದ ಹೊರಡಬಹುದು. ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೇನು, ಅವನ ಕಣ್ಣ ಕೆಳಗಿನ ಕಪ್ಪಿನಲ್ಲೇ ಅದು ಕಾಣುತ್ತಿತ್ತು. ಕಂಡು ಅಯ್ಯೋ ಅನಿಸುತ್ತಿತ್ತು. ಅಯ್ಯೋ ಅನಿಸಿದ್ದಕ್ಕೆ ಮತ್ತೆ ಕೋಪ ಬರುತ್ತಿತ್ತು.

ಹಾಗೆಂದು ಅವಳ ಅಮ್ಮನ ಕಡೆಗೆ ತಿರುಗಿದರೆ ಅಲ್ಲಿಯೂ ಗೋಡೆಯೇ. "ಔಷಧಿ ಹಾಕಿಸ್ಕೊಂಡು ನೋವು ತಿಂದು ಹೆರು ಶೈಲಾ. ಹೊಟ್ಟೆ ಕುಯ್ಸ್ಕೊಂಡು ಆರಾಮಾಗಿ ಮಲಗೋದು ಎಂಥ ಹೆರಿಗೆ? ನಿನ್ನ ಹೆರುವಾಗ ನಾನು ಒಂದೇ ಒಂದು ಸಲ ಕೂಗಲಿಲ್ಲ, ಗೊತ್ತಾ?" ಗೊತ್ತಿಲ್ಲದೆ ಏನು! ನೆಂಟರಿಷ್ಟರ ಮುಂದೆ, ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ, ಕಡೆಗೆ ಗ್ಯಾಸ್ ತಂದುಕೊಡುವವನ ಹೆಂಡತಿಯ ಮುಂದೆ ಸಹ ಅಮ್ಮ ಆ ಮಾತನ್ನು ಹೇಳುತ್ತಿದ್ದಳು: ತುಟಿ ಕಚ್ಚಿ ರಕ್ತ ಬಂತು, ಸದ್ದು ಬರಲಿಲ್ಲ. ಅಮ್ಮನ ಇಡೀ ಬಾಳಿನಲ್ಲಿ ಅದೊಂದೇ ಅವಳಿಗೆ ಸಿಕ್ಕ ಬಿರುದು. ಏಳು ಸಮುದ್ರ ದಾಟಿ ಬಂದರೆ ಇಲ್ಲಿಯೂ ಅದೇ ಪಾಠ. ವಾರ್ಡ್ ಕಚೇರಿಯ ತಾಯಂದಿರ ತರಗತಿಯಲ್ಲಿ ನೆಲದ ಮೇಲೆ ಮೊಣಕಾಲು ಮಡಿಸಿ ಕೂತ ದುಂಡು ಹೊಟ್ಟೆಯ ಹೆಂಗಸರಿಗೆ ಸೂಲಗಿತ್ತಿ ಉಸಿರಾಟ ಹೇಳಿಕೊಡುತ್ತ, ಜಪಾನಿನ ತಾಯಿ ಸದ್ದಿಲ್ಲದೆ ಸಹಿಸುತ್ತಾಳೆ ಎಂದು ಮುಗುಳ್ನಕ್ಕಿದ್ದಳು. ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಸುದ್ದಿ ಎತ್ತಿದರೆ ಎಲ್ಲರೂ ಅದು ಯಾವುದೋ ಬೇರೆ ಊರಿನ ಪದಾರ್ಥ ಎಂಬಂತೆ ನೋಡಿದ್ದರು. ಎರಡು ದೇಶದ ಹೆಂಗಸರು ತುಟಿ ಕಚ್ಚಿಕೊಂಡು ಸಾಲಾಗಿ ನಿಂತಿದ್ದಾರೆ, ಆ ಸಾಲಿನಲ್ಲಿ ತಾನು ಹೋಗಿ ನಿಲ್ಲಬೇಕು. ನಿಲ್ಲುವುದಿಲ್ಲ ಅಂದರೆ ಅತ್ತೆಯ ರಾಹು, ಕೇತುಗಳ ಪಕ್ಕ ನಿಲ್ಲಬೇಕು. ಅತ್ತ ದರಿ, ಇತ್ತ ಪುಲಿ. ಇಷ್ಟು ಜನರಲ್ಲಿ ಒಬ್ಬರಾದರೂ, ನಿನಗೇನು ಬೇಕೇ ಶೈಲಜಾ, ಎಂದು ಕೇಳಿರಲಿಲ್ಲ. ಈ ವಾಕ್ಯವನ್ನು ಅವಳು ಒಂದು ವಾರದಿಂದ ಒಳಗೊಳಗೇ ಅರೆಯುತ್ತಿದ್ದಳು. ಅರೆದಷ್ಟೂ ಅದರಿಂದ ಒಂದು ಬಗೆಯ ಸುಖವೂ ಸಿಗುತ್ತಿತ್ತು.

ಕ್ಲಿನಿಕ್ಕು ಬಸ್ಸಿನಲ್ಲಿ ಎರಡು ಸ್ಟಾಪು, ಕಾಲುವೆಯ ಸೇತುವೆ ದಾಟಿದರೆ ಸಿಗುತ್ತಿತ್ತು. ಶ್ರೀಕಂಠನೂ ಜೊತೆಗೆ ಬಂದ. ಬಾಗಿಲಲ್ಲಿ ಹೊಸವರ್ಷದ ಬಿದಿರು ಮತ್ತು ಪೈನಿನ ಕೊಂಬೆಗಳನ್ನು ಆಗಲೇ ಕಟ್ಟಿದ್ದರು. ಶೂ ಬಿಚ್ಚಿ ಗೂಡಿನಲ್ಲಿಟ್ಟು, ಕ್ಲಿನಿಕ್ಕಿನ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಕಾಯುವ ಕೋಣೆಯಲ್ಲಿ ಹತ್ತು ಹನ್ನೆರಡು ಬಸುರಿಯರು ಪತ್ರಿಕೆಗಳ ಹಿಂದೆ ಸುಮ್ಮನೆ ಕೂತಿದ್ದರು. ಅವಳ ಹೆಸರನ್ನು ನರ್ಸು ಮುರಿದು ಮುರಿದು ಕೂಗಿದಾಗ ಎಲ್ಲರೂ ಒಂದು ಸಲ ಕಣ್ಣೆತ್ತಿ, ಮರುಕ್ಷಣವೇ ನೋಡಲೇ ಇಲ್ಲವೆಂಬಂತೆ ತಗ್ಗಿಸಿದರು. ಆ ತಗ್ಗಿಸುವ ಮರ್ಯಾದೆ ಅವಳಿಗೆ ನೋಡುವುದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮೊರಿತಾ ಸೆನ್ಸೇ ಅರವತ್ತು ದಾಟಿದ, ಅಂಗೈ ಬೆಚ್ಚಗಿದ್ದ ಮನುಷ್ಯ. ಹೊಟ್ಟೆ ಒತ್ತಿ ನೋಡಿ, ಮಗುವಿನ ಎದೆಬಡಿತ ಕೇಳಿಸಿ, ಎದ್ದು ಕೂರಲು ತಾವೇ ಕೈ ಕೊಟ್ಟರು. ಆಮೇಲೆ ಶ್ರೀಕಂಠನ ಕಡೆ ತಿರುಗಿ, ಗುರುವಾರ ಬೆಳಿಗ್ಗೆ ಹೊರರೋಗಿಗಳ ಸಮಯ, ಅದು ಈ ವರ್ಷ ಕ್ಲಿನಿಕ್ಕು ತೆರೆದಿರುವ ಕೊನೆಯ ದಿನ ಬೇರೆ, ಆದರೂ ಅರಿವಳಿಕೆಯವರನ್ನು ಬೇರೆಯಾಗಿ ಕರೆಸಿದ್ದೇನೆ, ಕಾಯುವವರಿಗೆ ನಾನೇ ಹೇಳಿಕೊಳ್ಳುತ್ತೇನೆ ಅಂದರು. ನಿಮ್ಮ ಶೂಕ್ಯೋ ಎಂದಮೇಲೆ ನಾವು ಗೌರವಿಸಲೇಬೇಕು ಎಂದು ಶೈಲಜಾಳ ಕಡೆ ತಿರುಗಿ ತಲೆ ಬಾಗಿಸಿದರು. ಶೂಕ್ಯೋ ಅಂದರೆ ಧರ್ಮ. ಮೀನು ಯಾಕೆ ತಿನ್ನುವುದಿಲ್ಲ ಎಂದು ಭಾಷೆಯ ತರಗತಿಯಲ್ಲಿ ಪ್ರತಿಯೊಬ್ಬರೂ ಕೇಳಿ ಕೇಳಿ ಅವಳಿಗೆ ಆ ಪದ ಬಾಯಿಪಾಠವಾಗಿತ್ತು. ಅಂದರೆ ಶ್ರೀಕಂಠ ಮೊದಲೇ ಫೋನು ಮಾಡಿ ಧರ್ಮದ ಹೆಸರು ಹೇಳಿದ್ದಾನೆ! ಅವಳ ಧರ್ಮ! ಮದುವೆಯಾದ ಮೇಲೆ ಅತ್ತೆಯ ಬಲವಂತಕ್ಕೆ ಬಿಟ್ಟರೆ ಒಂದು ದೀಪ ಹಚ್ಚದವಳು ಅವಳು. ಅವಳಿಗಾಗಿ ಈ ಮುದುಕ ತಲೆ ಬಾಗಿಸುತ್ತಿದ್ದಾನೆ, ಹೊರಗೆ ಕೂತ ಆ ಹೆಂಗಸರು ಗುರುವಾರ ಗಂಟೆಗಟ್ಟಲೆ ಕಾಯುತ್ತಾರೆ, ಕಾಯುತ್ತ ಸುಮ್ಮನೆ ಕಣ್ಣು ತಗ್ಗಿಸುತ್ತಾರೆ. ಅವಳ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಡಾಕ್ಟರು ಇನ್ನೊಂದು ಮಾತು ಹೇಳಿದರು. ನಿಧಾನವಾಗಿ, ಅವನಿಗಲ್ಲ, ಅವಳ ಮುಖ ನೋಡಿಕೊಂಡೇ ಹೇಳಿದರು. ನನ್ನ ಮಗಳಾಗಿದ್ದರೆ ಮೊದಲು ಔಷಧಿ ಕೊಟ್ಟು ನೋಡೋಣ ಎನ್ನುತ್ತಿದ್ದೆ. ಆದರೆ ಹೆರುವವರು ನೀವು. ಓಕುಸಾನ್ ವಾ ದೋ ಶಿತಾಯ್ ದೆಸ್ ಕಾ? ನಿಮಗೇನು ಮಾಡಬೇಕೆಂದು ಆಸೆ?

ಅದು ಭಾಷೆಯ ಪುಸ್ತಕದ ಆರನೆಯ ಪಾಠ. ಚಹಾ ಕುಡಿಯಲು ಆಸೆ, ಊರಿಗೆ ಹೋಗಲು ಆಸೆ. ಒಂದು ಅಕ್ಷರ ಬಿಡದೆ ಅರ್ಥವಾಯಿತು. ಒಂದು ವಾರ ಅವಳು ಯಾವ ಪ್ರಶ್ನೆಗಾಗಿ ಹಲ್ಲು ಕಡಿದಿದ್ದಳೋ ಅದು ಬಿಳಿ ಕೋಟು ತೊಟ್ಟು ಎದುರಿಗೇ ಕೂತು ಕಾಯುತ್ತಿತ್ತು. ಅವಳು ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಅತ್ತೆ ಇದ್ದರು, ಅಮ್ಮ ಇದ್ದಳು, ಜೋಯಿಸರು, ಬ್ಯಾಂಕು, ಸೂಲಗಿತ್ತಿ, ಎಲ್ಲರೂ ಇದ್ದರು. ಅವಳು ಇರಲಿಲ್ಲ. ಶ್ರೀಕಂಠ ಅವಳ ಕಡೆ ನೋಡಲೂ ಇಲ್ಲ. "ಸಿಸೇರಿಯನ್‌ದೇ ಕೇಳ್ತಿದಾರೆ, ಓಕೆ ಅಂದ್ಬಿಡ್ತೀನಿ," ಎಂದು ಕನ್ನಡದಲ್ಲಿ ಗೊಣಗಿ, ಆಪರೇಷನ್ನೇ ಮಾಡಿ, ದಯವಿಟ್ಟು, ಎಂದು ಜಪಾನಿಯಲ್ಲಿ ಸೊಂಟ ಬಗ್ಗಿಸಿದ. ಡಾಕ್ಟರು ಇನ್ನೂ ಅವಳನ್ನೇ ನೋಡುತ್ತಿದ್ದರು. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡಳು. ಅಷ್ಟು ಸಾಕಾಯಿತು ಎಲ್ಲರಿಗೂ.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅವನು ದಿನದ ವಿವರ ಬರೆಸಲು ಕೌಂಟರಿಗೆ ಹೋದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದಳು. ಕೋಪ ಬಂತು, ಆದರೆ ಹಾಗೇ ತಿರುಗಿ ತನ್ನ ಮೇಲೇ ಬಿತ್ತು. ಕೇಳಿದರಲ್ಲ! ಕೇಳಿದಾಗ ಯಾಕೆ ಬೆಬ್ಬೆಬ್ಬೆ ಅಂದೆ? ಇಲ್ಲ, ಔಷಧಿ ಕೊಡಿ ಎಂದು ಈಗಲೇ ಎದ್ದು ಹೋಗಿ ಹೇಳಿದರೆ ಅತ್ತೆಯ ಮುಹೂರ್ತಕ್ಕೂ ಅವನ ಶುಕ್ರವಾರಕ್ಕೂ ಒಟ್ಟಿಗೇ ಕಲ್ಲು ಬೀಳುತ್ತದೆ. ಆ ಯೋಚನೆ ಎಷ್ಟು ರುಚಿಯಾಗಿತ್ತೆಂದರೆ ಅವಳು ಅರ್ಧ ಎದ್ದೇಬಿಟ್ಟಳು. ಎದ್ದವಳು ಹಾಗೇ ಮತ್ತೆ ಕೂತಳು. ಪಕ್ಕದ ಹೆಂಗಸು ಕಣ್ಣು ತಗ್ಗಿಸಿದಳು. ಚಿಕ್ಕವಳಿದ್ದಾಗ ಕೂತಿದ್ದ ಮೈಸೂರಿನ ಆಸ್ಪತ್ರೆಯ ಬೆಂಚು ಇದಕ್ಕಿಂತ ಉದ್ದ, ಬಣ್ಣ ಹೋದ ಕಬ್ಬಿಣದ್ದು, ಫಿನಾಯಿಲಿನ ನಾತ ಹೊಡೆಯುತ್ತಿತ್ತು. ಫ್ರಾಕು ತೊಟ್ಟ ಅವಳ ತೊಡೆಯ ಮೇಲೆ ಗಂಜಿಯ ಫ್ಲಾಸ್ಕು. ಒಳಗೆ ಚಿಕ್ಕಮ್ಮ ಕೂಗುತ್ತಿದ್ದಳು. ಕೂಗು ಅಷ್ಟೇನೂ ಹೆದರಿಸಲಿಲ್ಲ. ಕೂಗಿನ ನಡುವೆ ಚಟ್ ಎಂದು ಹೊಡೆತದ ಸದ್ದು ಬಂತು, ಯಾರದೋ ದಪ್ಪ ದನಿ, "ಗಂಡನ ಹತ್ರ ಮಲಗುವಾಗ ಗೊತ್ತಾಗ್ಲಿಲ್ವಾ? ಮುಚ್ಚೇ ಬಾಯಿ!" ಅಂದಿತು. ಆಮೇಲೆ ಹಲವು ಹೆಂಗಸರು ನಕ್ಕರು. ಕಿಲಕಿಲ ನಗು, ಹಬ್ಬದ ಅಡುಗೆಮನೆಯಲ್ಲಿ ನಗುವ ಹಾಗೆ. ಚಿಕ್ಕಮ್ಮ ಸುಮ್ಮನಾದಳು. ಆ ಸುಮ್ಮನಾದದ್ದು ಇವಳ ಕಿವಿಯಲ್ಲಿ ಹಾಗೇ ಉಳಿದುಬಿಟ್ಟಿತು. ಮನೆಗೆ ಬಂದ ಮೇಲೆ ಅಮ್ಮ ಅದನ್ನೂ ಒಗ್ಗರಣೆ ಹಾಕಿ ಹೇಳಿದಳು: ನಿಮ್ಮ ಚಿಕ್ಕಮ್ಮನದು ಬರೀ ರಂಪ, ನನ್ನನ್ನು ನೋಡಿ ಕಲಿಯಬೇಕಿತ್ತು.

ಭಯ. ಇಷ್ಟೇ ಅಲ್ಲವೇ ಎಂದು ಶೈಲಜಾ ಟೋಕಿಯೋದ ಬೆಂಚಿನ ಮೇಲೆ ಕೂತು ಮೊದಲ ಬಾರಿಗೆ ಅದರ ಹೆಸರು ಹಿಡಿದು ಕರೆದಳು. ಕಾಲು ಅಗಲಿಸಿ ಮಲಗಿ, ದಿನವಿಡೀ, ತನ್ನದಲ್ಲದ ಭಾಷೆಯ ಮುಗುಳ್ನಗೆಗಳ ನಡುವೆ ನೋವು ತಿನ್ನುವುದಕ್ಕೆ ಅವಳಿಗೆ ಭಯ. ಕೂಗಿಬಿಡುತ್ತೇನೆ ಎಂಬ ಭಯ, ಕೂಗಿದ ಮೇಲೆ ಯಾರೋ ಸುಮ್ಮನಾಗಿಸುತ್ತಾರೆ ಎಂಬ ಭಯ. ಮೊದಲಿನಿಂದಲೂ ಅವಳಿಗೆ ಬೇಕಾಗಿದ್ದದ್ದು ಆಪರೇಷನ್ನೇ. ಎಕ್ಸ್‌ರೇ ತೋರಿಸಿದ ದಿನವೇ, ಎರಡು ಬೆರಳ ನಡುವಿನ ಗಾಳಿ ನೋಡಿದ ತಕ್ಷಣ, ಒಳಗೆ ಯಾರೋ ದೇವರೇ ಸದ್ಯ ಎಂದು ಉಸಿರು ಬಿಟ್ಟಿದ್ದರು. ಅದು ಅವಳೇ. ಆಮೇಲೆ ಅತ್ತೆ ಅದನ್ನೇ ಬೇಕೆಂದರು, ಗಂಡ ಅದನ್ನೇ ಬೇಕೆಂದ, ಮತ್ತು ಅವರು ಕೈಹಾಕಿದ ತಟ್ಟೆಯಲ್ಲಿ ತಾನು ಉಣ್ಣಲಾರೆ ಎಂದು ಇವಳು ತನ್ನ ಪಾಲಿನ ಅನ್ನವನ್ನೇ ತಳ್ಳಿ ಕೂತಿದ್ದಳು. ಸಿಟ್ಟಿಗೆದ್ದು ನೋವು ಬರಿಸಿಕೊಂಡರೆ ಆಗಲೂ ಆರಿಸಿದವರು ಅವರೇ, ತಿರುವುಮುರುವಾಗಿ. ಹಾಳಾಗಿ ಹೋಗಲಿ! ಅವರಿಗೆ ಬೇಕಾದದ್ದೇ ತನಗೂ ಬೇಕಾಗಿದ್ದರೆ ಅದು ತನ್ನ ತಪ್ಪೇ? ಹೊಟ್ಟೆಯೊಳಗಿನದು ಆಗ ಒಂದು ಸಲ ಒದೆಯಿತು. ಒಂದು ವಾರದಿಂದ ಆ ಜೀವದ ಮೇಲೂ ಕೋಪ ಮಾಡಿಕೊಂಡಿದ್ದೆನಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಅಳಲಿಲ್ಲ. ಅಳುವ ಹೊತ್ತಲ್ಲ ಅದು.

ಎದ್ದು, ನರ್ಸು ಅಡ್ಡ ಬಂದರೂ "ಸುಮಿಮಾಸೆನ್," ಕ್ಷಮಿಸಿ, ಎನ್ನುತ್ತ ಹೊಟ್ಟೆಯನ್ನೇ ಮುಂದೆ ಮಾಡಿಕೊಂಡು ಡಾಕ್ಟರ ಕೋಣೆಗೆ ನುಗ್ಗಿದಳು. ಸೆನ್ಸೇ ಕನ್ನಡಕ ಹಣೆಗೇರಿಸಿ ನೋಡಿದರು. ಅವಳಿಗೆ ಗೊತ್ತಿದ್ದ ಜಪಾನಿಯೆಲ್ಲ ತರಕಾರಿ ಅಂಗಡಿಯದು, ಬಸ್ಸಿನದು. ಅದರಲ್ಲೇ ಹುಡುಕಿದಳು.

"ಶೂಕ್ಯೋ ಜಾ ನಾಯ್ ದೆಸ್," ಅಂದಳು. ಧರ್ಮ ಅಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, "ಕೊವಾಯ್ ದೆಸ್," ಅಂದಳು. ಭಯ. ಆಮೇಲೆ, ಈರುಳ್ಳಿ ಕೊಯ್ಯುವುದಕ್ಕೆ ಕಲಿತಿದ್ದ ಪದವನ್ನು ಎತ್ತಿಕೊಂಡು, "ಕಿತ್ತೆ ಕುದಸಾಯ್." ಕೊಯ್ಯಿರಿ.

ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ನಗುವುದಾದರೆ ನಗಲಿ ಎಂದು ಶೈಲಜಾ ಅವಳನ್ನೇ ದುರುಗುಟ್ಟಿ ನೋಡಿದಳು. ನರ್ಸು ನಗಲಿಲ್ಲ. ಡಾಕ್ಟರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ, ವಾಕಾರಿಮಾಶಿತಾ, ತಿಳಿಯಿತು, ಅಂದರು. ಹತ್ತೂಮುಕ್ಕಾಲು ಬೇಡ, ಎಲ್ಲರಿಗೂ ಮಾಡುವ ಹೊತ್ತಿನಲ್ಲೇ ನನಗೂ ಮಾಡಿ ಎಂದು ಅವಳು ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸಿ, ಕೈಸನ್ನೆ ಮಾಡಿ, ಬೆವರಿ ತಿಳಿಸಿದಳು. ಹಾಗಾದರೆ ಮಧ್ಯಾಹ್ನ ಎರಡಕ್ಕೆ ಎಂದು ಡಾಕ್ಟರು ಎರಡು ಬೆರಳೆತ್ತಿದರು. ಅವಳು ಸೊಂಟ ಬಗ್ಗಿಸಲಾಗದೆ ತಲೆಯನ್ನಷ್ಟೇ ಬಗ್ಗಿಸಿದಳು.

ಬಾಗಿಲ ಹತ್ತಿರ ಶ್ರೀಕಂಠ ಅವಳ ಶೂಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೌಂಟರಿನವಳು ಅವನಿಗೆ ಆಗಲೇ ಹೊಸ ಹೊತ್ತನ್ನು ತಿಳಿಸಿದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಎರಡು ಗಂಟೆ ಅಂತಿದಾರಲ್ಲೇ! ಏನು ಹೇಳಿದೆ ನೀನು ಒಳಗೆ ಹೋಗಿ? ಎರಡು ಗಂಟೆ ಅಂದ್ರೆ ಕರೆಕ್ಟಾಗಿ ರಾಹುಕಾಲ."

"ಗೊತ್ತು."

"ಗೊತ್ತಿದ್ದೂ? ಅಮ್ಮನಿಗೆ ಏನು ಹೇಳ್ಲಿ ಈಗ?"

"ನಿಮ್ಮಮ್ಮ, ನೀವು. ಏನಾದ್ರೂ ಹೇಳ್ಕೊಳ್ಳಿ. ಆಪರೇಷನ್ ನಂಗೆ ಬೇಕು, ಅದಕ್ಕೆ ಮಾಡಿಸ್ಕೋತಿದೀನಿ. ಮುಹೂರ್ತಕ್ಕಲ್ಲ, ನಿಮ್ಮ ಬ್ಯಾಂಕಿಗೂ ಅಲ್ಲ."

ಅವನು ಒಂದು ಗಳಿಗೆ ಲೆಕ್ಕ ಹಾಕಿದವನಂತೆ ನಿಂತ. ಆಮೇಲೆ ಅವನ ಭುಜ ಸಡಿಲವಾಯಿತು. "ಸರಿ ಬಿಡು. ಅಂತೂ ಗುರುವಾರವೇ, ಅಂತೂ ಸಿಸೇರಿಯನ್ನೇ. ಎಲ್ಲ ಒಂದೇ ಆಯ್ತಲ್ಲ. ಇಷ್ಟಕ್ಕೆ ಯಾಕೆ ರಂಪ?"

ರಂಪ! ಆ ಪದ ಅವಳ ಕೆನ್ನೆಗೆ ಬಾರಿಸಿದ ಹಾಗೆ ಬಂತು. ಅಲ್ಲಿಯೇ, ಬಿದಿರು ಕಟ್ಟಿದ ಬಾಗಿಲಲ್ಲಿ, ಆ ಮೌನದ ಹೆಂಗಸರೆಲ್ಲ ಬೆಚ್ಚಿಬೀಳುವ ಹಾಗೆ ಕೂಗಬೇಕೆನ್ನಿಸಿತು. ಎಂದಾದರೂ ಇವನಿಗೆ ಅರ್ಥವಾಗುತ್ತದೆಯೇ? ಎಲ್ಲ ಒಂದೇ ಅಲ್ಲ ಎಂದು ಯಾವ ಭಾಷೆಯಲ್ಲಿ ಹೇಳಬೇಕು? ಅವನು ಅಷ್ಟರಲ್ಲಿ ಅಭ್ಯಾಸಬಲದಿಂದ ನೆಲಕ್ಕೆ ಮೊಣಕಾಲೂರಿ, ಅವಳ ಊದಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ನೋಯದ ಹಾಗೆ ಮೆಲ್ಲಗೆ ಶೂವಿನೊಳಗೆ ಸೇರಿಸುತ್ತಿದ್ದ. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಆ ನೆತ್ತಿಯನ್ನು ನೋಡಿಯೂ ಅವಳ ಕೋಪ ಇಳಿಯಲಿಲ್ಲ. ಇಳಿಯಬೇಕಾದ ಅಗತ್ಯವೂ ಅವಳಿಗೆ ಕಾಣಲಿಲ್ಲ.

"ಗುರುವಾರ ನೀವು ಹೊರಗೇ ಕೂತಿರಿ," ಅಂದಳು. "ಒಳಗೆ ಏನು ಕೇಳಿದ್ರೂ ನಾನೇ ಮಾತಾಡ್ತೀನಿ."

ಅವನು ತಲೆ ಎತ್ತಿ ನೋಡಿದ. "ನಿಂಗೆ ಅಷ್ಟು ಜಾಪನೀಸ್ ಬರುತ್ತಾ?"

"ನಂಗೆ ಭಯ ಆಗ್ತಿದೆ ಅನ್ನೋಷ್ಟು ಬರುತ್ತೆ," ಅಂದಳು ಶೈಲಜಾ. "ನಿಮ್ಮ ಹತ್ರ ಅದನ್ನ ಕನ್ನಡದಲ್ಲಿ ಹೇಳೋಕೆ ಆಗ್ಲಿಲ್ಲ."